ಕರ್ಸರ್ ತೆರೆದವರೇ ಮುಚ್ಚಬೇಕು

‘ಕರ್ಸರ್ ಎಂದರೆ ಪರದೆಯ ಮೇಲೆ ಮಿನುಗುವ ಗೆರೆ ತಾನೇ ಸರ್?’ ದ್ವಿತೀಯ ಪಿಯುಸಿಯಲ್ಲಿ ಎಸ್‌ಕ್ಯುಎಲ್ ಪಾಠ ಮಾಡುವಾಗ ನನಗೆ ಪ್ರತಿವರ್ಷ ಎದುರಾಗುವ ಪ್ರಶ್ನೆ ಇದು. ಡೇಟಾಬೇಸ್‌ನಲ್ಲಿಯೂ ಕರ್ಸರ್ ಎಂಬುದೊಂದಿದೆ. ಮುಂದೆ ಬಿಸಿಎ ಅಥವಾ ಇಂಜಿನಿಯರಿಂಗ್ ಸೇರುವವರಿಗೆ ಅದು ಬೇಕೇ ಬೇಕಾಗುತ್ತದೆ.

ನಮಗೆಲ್ಲ ಗೊತ್ತಿರುವ ಪಹಣಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಕಂಪ್ಲಿಯ ರೈತರು ಕೇಳಲಿ, ಸಂಡೂರಿನ ರೈತರು ಕೇಳಲಿ, ಪ್ರಶ್ನೆಯ ರೂಪ ಒಂದೇ: ಈ ಊರಿನ ಈ ಸರ್ವೆ ನಂಬರಿನ ವಿವರ ಕೊಡಿ. ಬದಲಾಗುವುದು ಊರು ಮತ್ತು ನಂಬರು ಮಾತ್ರ. ಅಂಥದೇ ಒಂದು ಪಹಣಿ ಟೇಬಲ್ ನಮ್ಮ ಸರ್ವರ್‌ನಲ್ಲಿದೆ ಎಂದು ಭಾವಿಸಿ.

ಬಳಕೆದಾರರು ಟೈಪ್ ಮಾಡಿದ್ದನ್ನು ಹಾಗೆಯೇ ಎಸ್‌ಕ್ಯುಎಲ್ ವಾಕ್ಯಕ್ಕೆ ಅಂಟಿಸುವುದು ಅಪಾಯ. ಯಾರಾದರೂ ಸರ್ವೆ ನಂಬರಿನ ಜಾಗದಲ್ಲಿ ‘45 ಆರ್ 1=1’ ಎಂದು ಬರೆದರೆ ಷರತ್ತು ಪ್ರತಿ ಸಾಲಿಗೂ ನಿಜವಾಗಿ, ಎಲ್ಲರ ದಾಖಲೆಯೂ ಹೊರಗೆ ಬರಬಹುದು. ಇದನ್ನೇ ಎಸ್‌ಕ್ಯುಎಲ್ ಇಂಜೆಕ್ಷನ್ ಎನ್ನುತ್ತಾರೆ.

ಇದಕ್ಕೆ ಪರಿಹಾರ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಬೆಲೆಗಳು ಬರುವ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ವಾಕ್ಯವನ್ನು ಮೊದಲೇ ಸರ್ವರ್‌ಗೆ ಕಳಿಸುತ್ತೇವೆ. ಸರ್ವರ್ ಅದರ ರಚನೆಯನ್ನು ಓದಿ ಸಿದ್ಧವಾಗಿಟ್ಟುಕೊಳ್ಳುತ್ತದೆ. ಆಮೇಲೆ ಬರುವ ಊರು, ನಂಬರು ಬರೀ ಬೆಲೆಗಳು. ಅವು ವಾಕ್ಯದ ಅರ್ಥವನ್ನು ಬದಲಿಸಲಾರವು. ಎರಡು ಮಾತು ನೆನಪಿಡಿ: ಆ ಚಿಹ್ನೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬಾರದು; ಟೇಬಲ್ ಅಥವಾ ಕಾಲಂ ಹೆಸರಿನ ಬದಲಿಗೆ ಅದನ್ನು ಬಳಸಲಾಗದು.

ಇನ್ನು ಕರ್ಸರ್. ಒಂದು ಪಹಣಿ ಬೇಕಾದರೆ ಉತ್ತರ ಒಂದೆರಡು ಸಾಲು. ಅದಕ್ಕೆ ಸರ್ವರ್ ಕರ್ಸರ್ ಬೇಕಿಲ್ಲ. ಇಡೀ ತಾಲ್ಲೂಕಿನ ಪಟ್ಟಿ ಬೇಕಾದರೆ ಸಾವಿರಾರು ಸಾಲುಗಳು ಒಟ್ಟಿಗೆ ಬಂದು ನಮ್ಮ ಪ್ರೋಗ್ರಾಂನ ಮೆಮೊರಿ ತುಂಬಿಬಿಡಬಹುದು. ಆಗ ಉತ್ತರವನ್ನು ಸರ್ವರ್‌ನಲ್ಲಿಯೇ ಉಳಿಸಿ, ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತು ಇಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ತರಿಸಿಕೊಳ್ಳುತ್ತೇವೆ. ಆ ಗುರುತೇ ಕರ್ಸರ್.

ಕ್ರಮ ಹೀಗಿದೆ: ಮೊದಲು ಪ್ರಿಪೇರ್, ಆ ಸ್ಟೇಟ್‌ಮೆಂಟ್‌ಗೆ ಡಿಕ್ಲೇರ್ ಕರ್ಸರ್, ಬೆಲೆಗಳನ್ನು ಕೊಟ್ಟು ಓಪನ್, ಸಾಲುಗಳು ಮುಗಿಯುವವರೆಗೆ ಫೆಚ್, ಕೊನೆಗೆ ಕ್ಲೋಸ್. ಊರು ಬದಲಾದರೆ ಮತ್ತೆ ಪ್ರಿಪೇರ್ ಮಾಡಬೇಕಿಲ್ಲ, ಹೊಸ ಬೆಲೆಯೊಂದಿಗೆ ಓಪನ್ ಮಾಡಿದರೆ ಸಾಕು.

ಎಲ್ಲ ಡೇಟಾಬೇಸ್‌ಗಳೂ ಒಂದೇ ರೀತಿ ಇಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಸ್ಟೋರ್ಡ್ ಪ್ರೊಸೀಜರ್‌ನ ಒಳಗೆ, ಪ್ರಿಪೇರ್ ಮಾಡಿದ ವಾಕ್ಯಕ್ಕೆ ಕರ್ಸರ್ ತೆರೆಯಲು ಬರುವುದಿಲ್ಲ. ಸಿ ಭಾಷೆಯ ಪ್ರೋಗ್ರಾಂನಿಂದಾದರೆ, ಎಕ್ಸಿಕ್ಯೂಟ್ ಮಾಡುವ ಮೊದಲೇ ಕರ್ಸರ್ ಬೇಕೆಂದು ಹೇಳಿ ತೆರೆಯಬಹುದು. ಅದು ಮುಂದಕ್ಕೆ ಮಾತ್ರ ಸಾಗುತ್ತದೆ; ಓದಬಹುದು, ತಿದ್ದಲಾಗದು. ಪೈಥಾನ್‌ನಲ್ಲಿ ‘ಕರ್ಸರ್’ ಎಂದು ಬರೆದ ಮಾತ್ರಕ್ಕೆ ಸರ್ವರ್‌ನಲ್ಲಿ ಕರ್ಸರ್ ತೆರೆಯಿತು ಎಂದೂ ಅಲ್ಲ; ಹೆಚ್ಚಿನ ವೇಳೆ ಅದು ನಮ್ಮ ಪ್ರೋಗ್ರಾಂನಲ್ಲಿರುವ ಒಂದು ಆಬ್ಜೆಕ್ಟ್ ಅಷ್ಟೆ.

ತೆರೆದ ಪ್ರತಿ ಕರ್ಸರ್ ಸರ್ವರ್‌ನ ಮೆಮೊರಿಯನ್ನು ಹಿಡಿದಿರುತ್ತದೆ. ಅದಕ್ಕಾಗಿ ಮಿತಿಗಳಿವೆ. ಒರಾಕಲ್‌ನಲ್ಲಿ ಒಂದು ಸೆಷನ್‌ಗೆ ಮೂಲ ಮಿತಿ 50 ಕರ್ಸರ್. ಮೀರಿದರೆ ‘ಓಆರ್‌ಎ-01000’ ಎಂಬ ದೋಷಸಂದೇಶ ಬರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಇಡೀ ಸರ್ವರ್‌ಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳ ಮೂಲ ಮಿತಿ 16,382. ಲ್ಯಾಬ್‌ನಲ್ಲಿ ಹತ್ತು ಸಾಲಿನ ಟೇಬಲ್ ಮೇಲೆ ಪರೀಕ್ಷಿಸಿದಾಗ ಈ ದೋಷ ಕಾಣುವುದೇ ಇಲ್ಲ. ದಿನವಿಡೀ ಜನ ಬಳಸುವಾಗ ಒಂದೊಂದೇ ಸೇರಿ, ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಕೌಂಟರಿನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿದ್ದೀರಲ್ಲ? ಅದಕ್ಕೆ ಕಾರಣ ಹಲವು. ಮುಚ್ಚದ ಕರ್ಸರ್ ಕೂಡ ಅಂಥದೊಂದು ಕಾರಣವಾಗಬಲ್ಲದು. ಕೂಲಿ ಬಿಟ್ಟು ಬಸ್ಸು ಹಿಡಿದು ಬಂದವರಿಗೆ ಅದು ಒಂದು ದಿನದ ಸಂಪಾದನೆಯ ನಷ್ಟ.

ಆದ್ದರಿಂದ ಓಪನ್ ಬರೆದ ಕೂಡಲೇ ಕ್ಲೋಸ್ ಎಲ್ಲಿ ಎಂದು ನಿರ್ಧರಿಸಿ. ಮಧ್ಯೆ ಎರರ್ ಬಂದರೂ ಕ್ಲೋಸ್ ತಪ್ಪದಂತೆ ಪೈಥಾನ್‌ನಲ್ಲಿ ಅದನ್ನು ‘ಫೈನಲಿ’ ಭಾಗದಲ್ಲಿಡಿ. ಪ್ರಾಜೆಕ್ಟ್ ತಂದು ತೋರಿಸುವಾಗ ನಾನು ಮೊದಲು ಹುಡುಕುವುದು ಆ ಸಾಲನ್ನೇ.