ಬೆಟ್ಟ ಹತ್ತುವವರ ಮನೆಯ ಮಕ್ಕಳು

1953ರ ಮೇ 29. ಎವರೆಸ್ಟಿನ ನೆತ್ತಿಯ ಮೇಲೆ ಹಿಲರಿಯ ಜತೆ ನಿಂತ ತೇನ್‌ಸಿಂಗ್ ನೋರ್ಗೆ ಹಿಮ ಬಗೆದು ಒಂದಿಷ್ಟು ಸಿಹಿತಿಂಡಿ ಹೂತಿಟ್ಟರು. ಅದು ದೇವರ ಪಾಲು. ಅದರ ಜತೆಗೇ ಕೆಂಪು–ನೀಲಿ ಬಣ್ಣದ ಒಂದು ಪುಟ್ಟ ಪೆನ್ಸಿಲ್ಲನ್ನೂ ಇಟ್ಟರು. ಮಗಳು ನೀಮಾ ಅಪ್ಪನ ಕೈಗೆ ಕೊಟ್ಟು ಕಳಿಸಿದ್ದ ಪೆನ್ಸಿಲ್ ಅದು. ತೇನ್‌ಸಿಂಗ್‌ಗೆ ಓದು ಬರಹ ಬರುತ್ತಿರಲಿಲ್ಲ. ತಮ್ಮ ಆತ್ಮಕಥೆಯನ್ನೂ ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದವರು.

ಪರ್ವತಾರೋಹಣದ ಪುಸ್ತಕಗಳಲ್ಲಿ ಈ ಪೆನ್ಸಿಲ್ಲಿನ ಪ್ರಸ್ತಾಪ ಆಗಾಗ ಬರುತ್ತದೆ. ಕೊಟ್ಟ ಹುಡುಗಿ ಮುಂದೇನಾದಳು ಎಂಬ ವಿಚಾರಕ್ಕೆ ಹೆಚ್ಚಿನವರು ಹೋಗುವುದಿಲ್ಲ. ಆರು ವರ್ಷದ ಬಳಿಕ, 1959ರಲ್ಲಿ, ಫ್ರಾನ್ಸಿನ ಕ್ಲೋದ್ ಕೋಗನ್ ಹಲವು ದೇಶಗಳ ಹೆಂಗಸರನ್ನು ಕೂಡಿಸಿಕೊಂಡು ಎಂಟು ಸಾವಿರ ಮೀಟರಿಗೂ ಮಿಕ್ಕಿದ ಚೋ ಓಯು ಶಿಖರಕ್ಕೆ ಹೊರಟರು. ಆ ತಂಡದಲ್ಲಿ ನೀಮಾ ಇದ್ದಳು, ಅವಳ ಅಕ್ಕ ಪೆಮ್ ಪೆಮ್ ಇದ್ದಳು, ತೇನ್‌ಸಿಂಗ್ ಅವರ ಸಂಬಂಧಿ ಹುಡುಗಿ ಡೌಮಾ ಇದ್ದಳು. ಬಿರುಗಾಳಿ, ಹಿಮಪಾತ, ಕೋಗನ್ ಸೇರಿ ನಾಲ್ವರು ಅಲ್ಲೇ ಉಳಿದರು. ತೇನ್‌ಸಿಂಗ್ ಮನೆಯ ಹುಡುಗಿಯರು ಜೀವಂತ ಮರಳಿದರು. ಇಷ್ಟಾದರೂ ‘ಎವರೆಸ್ಟ್ ಮನೆತನ’ ಎಂದಾಗ ನಮಗೆ ನೆನಪಾಗುವುದು ಗಂಡುಮಕ್ಕಳೇ. ಶಿಖರ ಮುಟ್ಟದೆ ಬಂದವರನ್ನು ಲೆಕ್ಕಕ್ಕೆ ಹಿಡಿಯದ ಚಾಳಿ ಈ ಕ್ಷೇತ್ರದಲ್ಲಿ ಹಳೆಯದು. ಅವರು ಹೆಣ್ಣುಮಕ್ಕಳಾದರೆ ಇನ್ನೂ ಸುಲಭ.

ಗಂಡುಮಕ್ಕಳ ಕಥೆಯೂ ಸರಳವಲ್ಲ. 1965ರಲ್ಲಿ ಹುಟ್ಟಿದ ಜಾಮ್ಲಿಂಗ್ ಬೆಳೆದದ್ದು ಡಾರ್ಜಿಲಿಂಗಿನಲ್ಲಿ. ಎವರೆಸ್ಟ್ ಗೆಲುವಿನ ಮರುವರ್ಷವೇ ಅಲ್ಲಿ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಗಿತ್ತು. ಊರವರ, ಪರ ಊರವರ ಮಕ್ಕಳಿಗೆ ಹಗ್ಗ, ಹಿಮಗೊಡಲಿ ಹಿಡಿಯುವುದನ್ನು ಕಲಿಸುವ ಹೊಣೆ ತೇನ್‌ಸಿಂಗ್ ಅವರದು. ಆದರೆ ಶಾಲೆ ಮುಗಿಸಿದ ಸ್ವಂತ ಮಗ, ತನ್ನನ್ನೂ ಎವರೆಸ್ಟ್ ತಂಡವೊಂದಕ್ಕೆ ಸೇರಿಸು ಎಂದು ಕೇಳಿದಾಗ ಅಪ್ಪ ಒಪ್ಪಲಿಲ್ಲ. ನೀವು ಹತ್ತಬೇಕಾಗಿ ಬರಬಾರದೆಂದೇ ನಾನು ಹತ್ತಿದ್ದು ಎಂಬ ಅರ್ಥದಲ್ಲಿ ಮಾತಾಡಿದರೆಂದು ಮಗನೇ ಮುಂದೆ ಬರೆದುಕೊಂಡಿದ್ದಾರೆ.

ಈ ಮಾತಿನ ಹಿಂದಿರುವುದು ಹೊಟ್ಟೆಪಾಡು. ಹಿಲರಿಗೆ ಹಿಮಾಲಯ ಹವ್ಯಾಸವಾಗಿ ಶುರುವಾದದ್ದು. ಜೇನು ಸಾಕಣೆ ಅವರ ಕಸುಬು. ಶೆರ್ಪಾಗಳಿಗೆ ಬೆಟ್ಟವೇ ಕೂಲಿ. ಬೆನ್ನ ಮೇಲೆ ಪರರ ಹೊರೆ ಹೊತ್ತು ಹತ್ತಿದವನು ಮಗ ಇಂಗ್ಲಿಷ್ ಶಾಲೆಯಲ್ಲಿ ಓದಿ ಬೇರೆ ದಾರಿ ಹಿಡಿಯಲಿ ಎಂದು ಬಯಸಿದರೆ ತಪ್ಪೇನು? ನಮ್ಮೂರುಗಳಲ್ಲಿ ಹೊಲ ಉಳುವ ಅಪ್ಪಂದಿರು ಹೇಳುವುದೂ ಇದನ್ನೇ. ಜಾಮ್ಲಿಂಗ್ ಅಮೆರಿಕಕ್ಕೆ ಓದಲು ಹೋದರು. ಅವರು ಅಲ್ಲಿದ್ದಾಗಲೇ, 1986ರ ಮೇ ತಿಂಗಳಲ್ಲಿ, ಇತ್ತ ಅಪ್ಪ ತೀರಿಕೊಂಡರು. ಹತ್ತು ವರ್ಷ ಕಳೆದು ಐಮ್ಯಾಕ್ಸ್ ಚಿತ್ರತಂಡದ ಜತೆ ಮಗ ಎವರೆಸ್ಟಿಗೆ ಹೋದರು. ಎಂಟು ಮಂದಿಯನ್ನು ಬಲಿ ತೆಗೆದುಕೊಂಡ 1996ರ ಮೇ 10ರ ಬಿರುಗಾಳಿಯನ್ನು ಕಣ್ಣಾರೆ ಕಂಡೂ ಮೇ 23ರಂದು ತುದಿ ಮುಟ್ಟಿದರು. ಅಲ್ಲಿ ಅವರು ಬಿಟ್ಟು ಬಂದದ್ದರಲ್ಲಿ ಅಪ್ಪ–ಅಮ್ಮನ ಫೋಟೊ ಇತ್ತು, ಪುಟ್ಟ ಮಗಳ ಆಟಿಕೆಯೂ ಇತ್ತು.

ಬೇಡ ಎಂದ ಅಪ್ಪನ ಮಾತನ್ನು ಮಕ್ಕಳು ಕೇಳುವುದಿಲ್ಲ. ಅಪ್ಪ ಮಾಡಿದ್ದನ್ನು ನೋಡಿರುತ್ತಾರೆ. ಹಿಲರಿಯ ಮಗ ಪೀಟರ್ 1990ರಲ್ಲಿ ಎವರೆಸ್ಟ್ ಹತ್ತಿದ್ದು, ಪೆಮ್ ಪೆಮ್ ಅವರ ಮಗ ತಾಶಿ 1997ರಲ್ಲಿ ಹತ್ತಿದ್ದು, ಎಲ್ಲ ಇದೇ ದಾರಿಯ ಕಥೆಗಳು.

ಅಪ್ಪ ತಡೆಯದೇ ಇದ್ದರೆ? ವಿಲ್ಲಿ ಅನ್‌ಸೋಲ್ಡ್ ತಡೆದವರಲ್ಲ. ಅಮೆರಿಕದ ಈ ತತ್ತ್ವಶಾಸ್ತ್ರದ ಮೇಷ್ಟ್ರು ತರುಣನಾಗಿದ್ದಾಗ, 1949ರಲ್ಲಿ, ಗಢವಾಲಿನಲ್ಲಿ ಅಲೆಯುತ್ತ ನಂದಾದೇವಿ ಶಿಖರವನ್ನು ಕಂಡು ಬೆರಗಾದರು. ಮಗಳು ಹುಟ್ಟಿದರೆ ಇದೇ ಹೆಸರು ಎಂದು ಆಗಲೇ ನಿಶ್ಚಯಿಸಿದರು. 1954ರಲ್ಲಿ ಮಗಳು ಹುಟ್ಟಿದಳು, ನಂದಾದೇವಿ ಅನ್‌ಸೋಲ್ಡ್ ಎಂದೇ ಹೆಸರಿಟ್ಟರು. ಅಪ್ಪನ ಕೆಲಸದ ನಿಮಿತ್ತ ಅವಳ ಬಾಲ್ಯದ ಕೆಲವು ವರ್ಷ ನೇಪಾಳದಲ್ಲಿ ಕಳೆಯಿತು. 1963ರಲ್ಲಿ ವಿಲ್ಲಿ ಎವರೆಸ್ಟನ್ನು ಪಶ್ಚಿಮದ ಏಣಿನಿಂದ ಏರಿ, ಇಳಿಯುವಾಗ ಬಯಲಲ್ಲೇ ರಾತ್ರಿ ಕಳೆದು, ಹಿಮಕ್ಕೆ ಒಂಬತ್ತು ಕಾಲ್ಬೆರಳುಗಳನ್ನು ಕಳೆದುಕೊಂಡರು. ಬೆಟ್ಟ ಏನು ಕಿತ್ತುಕೊಳ್ಳುತ್ತದೆ ಎಂಬುದನ್ನು ಆ ಮಗಳು ಪುಸ್ತಕದಲ್ಲಿ ಓದಬೇಕಿರಲಿಲ್ಲ. ಅಪ್ಪನ ಪಾದ ನೋಡಿದರೆ ಸಾಕಿತ್ತು.

ನಂದಾದೇವಿಯನ್ನು ಮನುಷ್ಯರು ಮೊದಲು ಹತ್ತಿದ್ದು 1936ರಲ್ಲಿ, ಟಿಲ್ಮನ್ ಮತ್ತು ಓಡೆಲ್. ಅದರ ನಲವತ್ತನೇ ವರ್ಷಕ್ಕೆ ಭಾರತ–ಅಮೆರಿಕ ಜಂಟಿ ತಂಡ ಹೊರಟಿತು. ತನ್ನ ಹೆಸರಿನ ಶಿಖರವನ್ನು ಹತ್ತಬೇಕೆಂಬ ಆಸೆ ಹೊತ್ತ ಇಪ್ಪತ್ತೆರಡರ ಹುಡುಗಿ ಅದರಲ್ಲಿದ್ದಳು, ಅಪ್ಪನೂ ಇದ್ದರು. ಸೆಪ್ಟೆಂಬರ್ 1ರಂದು ತಂಡದ ಮೂವರು ತುದಿ ಮುಟ್ಟಿದರು. ಸುಮಾರು 7,300 ಮೀಟರ್ ಎತ್ತರದ ಕೊನೆಯ ಶಿಬಿರದಲ್ಲಿ ದೇವಿಗೆ ಹೊಟ್ಟೆಯ ತೊಂದರೆ ಉಲ್ಬಣಿಸಿತು. ಹೊರಗೆ ಬಿರುಗಾಳಿ. ಸೆಪ್ಟೆಂಬರ್ 8ರಂದು ಡೇರೆಯೊಳಗೆ, ಅಪ್ಪನ ಕಣ್ಣೆದುರಿಗೇ ಪ್ರಾಣ ಹೋಯಿತು. ಅಷ್ಟು ಎತ್ತರದಿಂದ ದೇಹವನ್ನು ಕೆಳಗಿಳಿಸುವುದು ಆಗದ ಮಾತು. ಮಗಳನ್ನು ಬೆಟ್ಟಕ್ಕೇ ಒಪ್ಪಿಸಿ ಇಳಿದರು.

ಗಢವಾಲಿಗಳಿಗೆ ನಂದೆ ಮನೆಮಗಳು. ನಂದಾದೇವಿ ರಾಜಜಾತ್ ಯಾತ್ರೆಯಲ್ಲಿ ಅವಳನ್ನು ತವರಿನಿಂದ ಕೈಲಾಸಕ್ಕೆ, ಗಂಡನ ಮನೆಗೆ, ಅಳುತ್ತಲೇ ಕಳಿಸಿಕೊಡುತ್ತಾರೆ. ನಮ್ಮ ಕಡೆ ಭಾದ್ರಪದದಲ್ಲಿ ತವರಿಗೆ ಬಂದ ಗೌರಿಗೆ ಮಡಿಲು ತುಂಬಿ ಕಳಿಸುವ ಹಾಗೆ. ದೇವಿಯೇ ತನ್ನ ಜಾಗಕ್ಕೆ ಮರಳಿದಳು ಎಂಬ ಮಾತು ಆ ಭಾಗದಲ್ಲಿ ಹಬ್ಬಿದ್ದರಲ್ಲಿ ಅಚ್ಚರಿಯಿಲ್ಲ. ಸಮಾಧಾನಕ್ಕೆ ಆ ಮಾತು ಚೆಂದ. ಆದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸತ್ತದ್ದು ಕನಸುಗಳಿದ್ದ ಒಬ್ಬ ತರುಣಿ, ದೇವತೆಯಲ್ಲ. ವಿಲ್ಲಿ ಬೆಟ್ಟ ಬಿಡಲಿಲ್ಲ. 1979ರಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೌಂಟ್ ರೇನಿಯರ್‌ಗೆ ಹೋಗಿದ್ದಾಗ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು.

ಮಗಳನ್ನು ಕರೆದೊಯ್ದ ವಿಲ್ಲಿಗೆ ಇಷ್ಟಾದ ಮೇಲೂ ಗೌರವ ಉಳಿಯಿತು. ಬ್ರಿಟನ್ನಿನ ಅಲಿಸನ್ ಹಾರ್ಗ್ರೀವ್ಸ್‌ಗೆ ಜಗತ್ತು ಅಷ್ಟು ದಯೆ ತೋರಲಿಲ್ಲ. 1988ರಲ್ಲಿ ಬಸುರಿಯಾಗಿದ್ದಾಗಲೇ ಆಲ್ಪ್ಸಿನ ಐಗರ್ ಉತ್ತರಮುಖವನ್ನು ಹತ್ತಿದ ಗಟ್ಟಿಗಿತ್ತಿ ಆಕೆ. 1995ರ ಮೇ ತಿಂಗಳಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ, ಶೆರ್ಪಾಗಳ ನೆರವೂ ಇಲ್ಲದೆ ಎವರೆಸ್ಟ್ ಏರಿದರು. ಆಗಸ್ಟ್‌ನಲ್ಲಿ ಕೆ–2 ತುದಿ ಮುಟ್ಟಿ ಇಳಿಯುವಾಗ ಬಿರುಗಾಳಿ ಒಯ್ದಿತು. ಆರು ವರ್ಷದ ಟಾಮ್, ನಾಲ್ಕರ ಕೇಟ್ ಮನೆಯಲ್ಲಿದ್ದರು. ಮಕ್ಕಳನ್ನು ಬಿಟ್ಟು ಹೋದ ತಾಯಿ ಎಂದು ಪತ್ರಿಕೆಗಳು ಜರಿದವು. ಬೆಟ್ಟದಲ್ಲಿ ಸತ್ತ ಅಪ್ಪಂದಿರು ಎಷ್ಟೋ ಜನ. ಅವರಿಗೆ ‘ಸಾಹಸಿ’ ಎಂಬ ಬಿರುದು, ಆಕೆಗೆ ಮಾತ್ರ ವಿಚಾರಣೆ. ಹೊಟ್ಟೆಯಲ್ಲಿದ್ದಾಗಲೇ ಐಗರ್ ಹತ್ತಿದ್ದ ಟಾಮ್ ಬೆಳೆದು, ಆಲ್ಪ್ಸಿನ ಆರು ಮಹಾ ಉತ್ತರಮುಖಗಳನ್ನು ಒಂದೇ ಚಳಿಗಾಲದಲ್ಲಿ ಒಬ್ಬನೇ ಹತ್ತಿ ಮುಗಿಸಿದ. 2019ರಲ್ಲಿ ನಂಗಾ ಪರ್ಬತದಲ್ಲಿ ಅವನೂ ಹೋದ.

ಇವನ್ನೆಲ್ಲ ಓದಿ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಬೇಕು ಅನ್ನಿಸಿದರೆ ಇನ್ನೊಂದನ್ನೂ ಹೇಳಬೇಕು. ಮುಂಬೈಯ ಕಾಮ್ಯಾ ಕಾರ್ತಿಕೇಯನ್ ನೌಕಾಪಡೆಯ ಅಧಿಕಾರಿಯ ಮಗಳು. 2024ರ ಮೇ 20ರಂದು, ಹದಿನಾರನೇ ವಯಸ್ಸಿನಲ್ಲಿ, ಅಪ್ಪನ ಜತೆಗೇ ಎವರೆಸ್ಟ್ ತುದಿ ಮುಟ್ಟಿದಳು. ಅದೇ ಡಿಸೆಂಬರಿಗೆ ಏಳು ಖಂಡಗಳ ಅತಿ ಎತ್ತರದ ಶಿಖರಗಳನ್ನೂ ಮುಗಿಸಿದಳು. ಅವಳು ನಡೆಯಲು ಕಲಿತದ್ದು ನಮ್ಮದೇ ಸಹ್ಯಾದ್ರಿಯ ಸೆರಗಿನಲ್ಲಿ, ಲೋನಾವಳದ ಸುತ್ತಿನ ಗುಡ್ಡಗಳಲ್ಲಿ. ನೇಪಾಳದ ಕಡೆಯಿಂದ ಎವರೆಸ್ಟ್ ಹತ್ತಲು 16 ತುಂಬಿರಬೇಕೆಂಬ ನಿಯಮವಿದೆ. 2010ರಲ್ಲಿ ಅಮೆರಿಕದ ಜೋರ್ಡನ್ ರೊಮೆರೊ ಎಂಬ ಹದಿಮೂರರ ಹುಡುಗ ಅಪ್ಪನ ಜತೆ ಟಿಬೆಟ್ ಕಡೆಯಿಂದ ಹತ್ತಿದಾಗ, ಆಸೆ ಮಗುವಿನದೋ ಅಪ್ಪನದೋ ಎಂದು ಜನ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು.

ನನ್ನ ಅಪ್ಪನಿಗೆ ಇಂಥ ಆಸೆಗಳಿರಲಿಲ್ಲ. ಅಡಿಕೆ ತೋಟದ ಮನುಷ್ಯ. ಶಿಖರ, ದಾಖಲೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಮಳೆ ನಿಂತ ಮೇಲೆ ಗುಡ್ಡಕ್ಕೆ ಹೊರಟರೆ ನನ್ನನ್ನೂ ಕರೆಯುತ್ತಿದ್ದರು, ಅಷ್ಟೇ. ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಗಂಟನ್ನು ಕೋಲಿನ ತುದಿಗೆ ಬಿಗಿದು ಇಂಬಳಕ್ಕೆ ತಾಗಿಸುವುದನ್ನು ತೋರಿಸಿದರು. ಹೋಗುವಾಗ ಆಗಾಗ ಹಿಂದೆ ತಿರುಗಿ ನೋಡು ಎನ್ನುತ್ತಿದ್ದರು. ಬರುವಾಗ ದಾರಿಗೆ ಬೇರೆಯದೇ ಮುಖ ಇರುತ್ತದಲ್ಲ, ಅದರ ಗುರುತು ಹತ್ತಲಿ ಎಂದು. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗಿ ತರಗೆಲೆ ತೇಲಿ ಬಂದರೆ ಮೇಲೆಲ್ಲೋ ಮಳೆ ಹೊಡೆದಿದೆ, ದಾಟಬಾರದು. ‘ನಾಳೆಗೂ ಗುಡ್ಡ ಇಲ್ಲೇ ಇರ್ತದೆ, ನಡಿ’ ಎಂದು ಅರ್ಧ ದಾರಿಯಿಂದ ವಾಪಸು ಕರೆತಂದದ್ದೂ ಉಂಟು. ಆಗ ಸಿಟ್ಟು ಬರುತ್ತಿತ್ತು.

ಈಗ ನಮ್ಮ ಗುಡ್ಡಗಳಿಗೆ ಜನಜಾತ್ರೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ಸಾಲು ಎಷ್ಟಿತ್ತೆಂದರೆ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ, ಬಳಿಕ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂದಿತು. ಒಳ್ಳೆಯದೇ ಆಯಿತು. ಕುಕ್ಕೆಯಿಂದ 1,712 ಮೀಟರಿನ ಆ ತುದಿಗೆ ಹತ್ತುವುದು ದೊಡ್ಡವರಿಗೇ ಕಷ್ಟ. ಶೇಷಪರ್ವತದ ಹುಲ್ಲುಬೋಳಿನ ಬಿಸಿಲಿನಲ್ಲಿ, ತುದಿಯ ಫೋಟೊ ಬೇಕೆಂದು ಸುಸ್ತಾದ ಮಗುವನ್ನು ಎಳೆದೊಯ್ಯುವ ಅಪ್ಪ–ಅಮ್ಮಂದಿರನ್ನು ಕಂಡಾಗ ಗಿರಿಗದ್ದೆಯಲ್ಲೇ ಊಟ ಮುಗಿಸಿ ಇಳಿಯಬಾರದಿತ್ತೇ ಅನ್ನಿಸುತ್ತದೆ.

ನನ್ನ ಮಗಳಿಗೆ ಗುಡ್ಡ ಸಾಲದು, ಬಂಡೆಯೇ ಬೇಕು. ರಜೆ ಸಿಕ್ಕರೆ ರಾಮನಗರದ ಬಂಡೆಗಳ ಕಡೆ ಹೊರಡುತ್ತಾಳೆ. ಕೆಳಗೆ ನಿಂತು ಹಗ್ಗ ಹಿಡಿಯುವವಳು ಅವಳ ಗೆಳತಿ. ನನಗೆ ಆ ಗಂಟುಗಳ ತಲೆಬುಡ ತಿಳಿಯದು. ಬೇಡ ಅನ್ನಬೇಕು ಎಂದು ಪ್ರತಿ ಸಲವೂ ಬಾಯ ತನಕ ಬರುತ್ತದೆ. ‘ಹೆಲ್ಮೆಟ್ ಇಟ್ಕೊಂಡ್ಯಾ?’ ಎಂದಷ್ಟೇ ಕೇಳುತ್ತೇನೆ. ‘ಹೂಂ ಅಮ್ಮ, ಆಗಲೇ ಕೇಳಿದ್ಯಲ್ಲ’ ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾಳೆ.