ಬಯಲುಸೀಮೆಯ ಉರುವಲು ಮತ್ತು ಸೌದೆ ಉಳಿಸುವ ಒಲೆ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ಕುರಿತು

ಸುಧಾರಿತ ಒಲೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಕಾಡಿನ ರಕ್ಷಣೆಯ ಮಾತಿನಿಂದ ಆರಂಭವಾಗುತ್ತವೆ. ಮಲೆನಾಡಿಗೆ ಒಪ್ಪುವ ಈ ಮಾತು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿಗೆ ಯಥಾವತ್ತಾಗಿ ಅನ್ವಯಿಸದು. ವಾರ್ಷಿಕ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ನಿಲ್ಲುವ ಈ ಸೀಮೆಯಲ್ಲಿ ಕಡಿಯಲು ದಟ್ಟಾರಣ್ಯವೇ ಇಲ್ಲ. ಕುರುಚಲು ಗುಡ್ಡ, ಹುಲ್ಲುಗಾವಲಿನ ಕಾವಲು, ಕೆರೆಯಂಗಳದ ಬಳ್ಳಾರಿ ಜಾಲಿ, ಹೊಲದಲ್ಲುಳಿದ ತೊಗರಿ ಮತ್ತು ಹತ್ತಿಯ ಕಡ್ಡಿ, ಸಗಣಿಯ ಬೆರಣಿ ಇವೇ ಇಲ್ಲಿನ ಉರುವಲು. ಶೇಂಗಾ ಈ ಭಾಗದ ಮುಖ್ಯ ಬೆಳೆಯಾದರೂ ಅದರ ಸಿಪ್ಪೆ ತೆರೆದ ಒಲೆಯಲ್ಲಿ ಸರಿಯಾಗಿ ಉರಿಯದು. ಬಳ್ಳಿಯಂತೂ ದನದ ಮೇವು. ಆದುದರಿಂದ ಒಲೆಯ ಪ್ರಯೋಜನವನ್ನು ಇಲ್ಲಿ ಉಳಿದ ಮರಗಳ ಲೆಕ್ಕದಲ್ಲಲ್ಲ, ಹೆಂಗಸರ ನಡಿಗೆ, ಅಡುಗೆಮನೆಯ ಗಾಳಿ ಮತ್ತು ಹೊಲದ ಗೊಬ್ಬರ ಇವುಗಳ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯದ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿ ಹಾಕಿದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಮೂಲ್ಯ ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ಸ್ಥಾಪಿತವಾದ ‘ಅಸ್ತ್ರ’ ಘಟಕವು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು ಕೇಂದ್ರವಾಗಿರಿಸಿಕೊಂಡು ಸುತ್ತಲಿನ ಹಳ್ಳಿಗಳ ಇಂಧನ ಬಳಕೆಯನ್ನು ಅಳೆಯಿತು. ಅವುಗಳಲ್ಲೊಂದಾದ ಪುರ ಗ್ರಾಮದಲ್ಲಿ ತಲಾ ಸೌದೆ ಬಳಕೆ ವರ್ಷಕ್ಕೆ ಸುಮಾರು 0.6 ಟನ್ನಿನಷ್ಟಿತ್ತು, ಅದರಲ್ಲಿ ಕೊಂಡು ತಂದುದು ಅತ್ಯಲ್ಪ, ಹೊತ್ತು ತಂದುದೇ ಬಹುಪಾಲು. ಈ ಅಳತೆಗಳ ಬೆನ್ನಲ್ಲೇ 1980ರ ದಶಕದ ಆರಂಭದಲ್ಲಿ ‘ಅಸ್ತ್ರ ಒಲೆ’ ರೂಪುಗೊಂಡಿತು.

ಮೂರು ಕಲ್ಲಿನ ಒಲೆಯಲ್ಲಿ ಬೇಕಾದುದಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಜ್ವಾಲೆ ಪಾತ್ರೆಯ ಪಕ್ಕದಿಂದ ಜಾರಿಹೋಗುತ್ತದೆ. ಪೂರ್ತಿ ಉರಿಯದ ಅನಿಲಗಳು ಹೊಗೆಯಾಗಿ ಹೊರಬೀಳುತ್ತವೆ. ಹೀಗಾಗಿ ಸೌದೆಯ ಶಾಖದಲ್ಲಿ ಪಾತ್ರೆಗೆ ತಲಪುವುದು ಶೇಕಡಾ 10ರಷ್ಟು ಮಾತ್ರ. ಅಸ್ತ್ರ ಒಲೆಯಲ್ಲಿ ಬೆಂಕಿಗೂಡು ಮುಚ್ಚಿರುತ್ತದೆ. ಗಾಳಿ ಜಾಲರಿಯ ಕೆಳಗಿನಿಂದ ಬರುತ್ತದೆ. ಬಿಸಿ ಅನಿಲವು ಸಾಲಾಗಿ ಕುಳಿತ ಮೂರು ಪಾತ್ರೆಗಳ ತಳವನ್ನು ಸವರಿ ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಮೂರು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು, ಕಿಲೋಗೆ 16 ಮೆಗಾಜೂಲ್ ಶಾಖವುಳ್ಳ ಸೌದೆ ಶೇಕಡಾ 10ರ ದಕ್ಷತೆಯಲ್ಲಿ ಸುಮಾರು 590 ಗ್ರಾಂ ಬೇಕು; ಶೇಕಡಾ 30ರಲ್ಲಿ 200 ಗ್ರಾಂ ಸಾಕು. ಇದು ಕಾಗದದ ಮೇಲಿನ ಲೆಕ್ಕವೆಂಬುದನ್ನು ಮರೆಯಲಾಗದು.

ಏಕೆಂದರೆ ಒಲೆಗೆ ತಕ್ಕ ಸೌದೆ ಬೇಕು. ಅಸ್ತ್ರ ಒಲೆ ಅಳತೆಗೆ ಕತ್ತರಿಸಿದ ಕೊರಡನ್ನು ಬಯಸುತ್ತದೆ. ಬಳ್ಳಾರಿ ಜಾಲಿಯ ಕಟ್ಟಿಗೆ ಗಟ್ಟಿ, ಶಾಖವೂ ಹೆಚ್ಚು. ಆದರೆ ಕೊಂಬೆ ಡೊಂಕು, ಮೈಯೆಲ್ಲ ಮುಳ್ಳು. ತೊಗರಿ ಕಡ್ಡಿ ಕ್ಷಣದಲ್ಲಿ ಉರಿದುಹೋಗುವುದರಿಂದ ಬಾಯಿ ತೆರೆದು ಮತ್ತೆ ಮತ್ತೆ ತುಂಬಬೇಕು. ಪ್ರತಿಸಲವೂ ದಕ್ಷತೆ ಇಳಿಯುತ್ತದೆ. ಇನ್ನು ರಾಗಿಮುದ್ದೆ. ಕೋಲಿನಿಂದ ಬಲವಾಗಿ ತಿರುವುವಾಗ ಪಾತ್ರೆ ಅಲುಗಿ ಮಣ್ಣೊಲೆಯ ಅಂಚು ಒಡೆಯುತ್ತದೆ, ಹಗುರವಾದ ಲೋಹದ ಒಲೆಯಾದರೆ ವಾಲುತ್ತದೆ. ಪ್ರಯೋಗಾಲಯದಲ್ಲಿ ನೀರು ಕುದಿಸಿ ಮಾಡುವ ಪರೀಕ್ಷೆಗೆ ಈ ಸಂಗತಿ ನಿಲುಕದು.

1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ದೇಶಾದ್ಯಂತ ಸುಮಾರು 3.5 ಕೋಟಿ ಒಲೆಗಳ ಲೆಕ್ಕ ನೀಡಿ 2002ರಲ್ಲಿ ಕೊನೆಗೊಂಡಿತು. ಕಟ್ಟಿದ ಒಲೆಗಳ ಎಣಿಕೆ ಸಿಕ್ಕಿತು, ಉರಿಯುತ್ತಿರುವ ಒಲೆಗಳ ಎಣಿಕೆ ಸಿಗಲಿಲ್ಲ. ಮುಂದೆ ಒಡಿಶಾದಲ್ಲಿ ಸುಮಾರು 2,600 ಕುಟುಂಬಗಳನ್ನು ನಾಲ್ಕು ವರ್ಷ ಅನುಸರಿಸಿದ ಅಧ್ಯಯನವೊಂದು, ಹೊಗೆಕೊಳವೆಯ ಮಸಿ ತೆಗೆಯದೆ, ಬಿರುಕು ಮೆತ್ತದೆ ಬಿಟ್ಟಾಗ ಮೊದಲ ವರ್ಷದ ಲಾಭವೂ ಕರಗಿಹೋಗುವುದನ್ನು ತೋರಿಸಿತು. ದೋಷವನ್ನು ಗೃಹಿಣಿಯ ಮೇಲೆ ಹೊರಿಸುವುದು ಸುಲಭ. ಒಲೆ ಕಟ್ಟಿದವನು ಮತ್ತೆ ಊರಿಗೆ ಬಂದನೇ ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯ.

ಪರಿಸರದ ಲಾಭದಲ್ಲಿ ಇಲ್ಲಿ ಮೊದಲು ಗಣಿಸಬೇಕಾದುದು ಸಗಣಿ. ಬೆರಣಿ ಸುಟ್ಟಾಗ ಸಾರಜನಕವೂ ಸಾವಯವಾಂಶವೂ ಹಾರಿಹೋಗಿ, ಪೊಟ್ಯಾಷ್ ಮತ್ತು ರಂಜಕವಷ್ಟೇ ಬೂದಿಯಲ್ಲಿ ಉಳಿಯುತ್ತವೆ. ಸಾವಯವಾಂಶ ಮೊದಲೇ ಕಡಿಮೆಯಿರುವ ಕೆಂಪು ಮರಳುಭೂಮಿಗೆ ಇದು ದೊಡ್ಡ ನಷ್ಟ. ಇಂಗಾಲದ ಲೆಕ್ಕದಲ್ಲಿ ಮಾತ್ರ ಎಚ್ಚರ ಅಗತ್ಯ: ಕಡಿದಷ್ಟೂ ಚಿಗುರುವ ಜಾಲಿಯನ್ನು ಉಳಿಸಿದುದಕ್ಕೂ ಮತ್ತೆ ಬೆಳೆಯದ ಮರವನ್ನು ಉಳಿಸಿದುದಕ್ಕೂ ಒಂದೇ ಬೆಲೆ ಕಟ್ಟಲಾಗದು. ಹೊಗೆಯ ಮಸಿಕಣ ಮತ್ತು ಅರೆಬೆಂದ ಅನಿಲಗಳ ಇಳಿಕೆಯಾದರೋ ನಿಜವಾದ ಗಳಿಕೆ.

ಇದರ ನಡುವೆ ಉರುವಲಿನ ನೆಲವೇ ಕುಗ್ಗಿದೆ. 2000ರ ದಶಕದ ಕೊನೆಯ ವರ್ಷಗಳಿಂದ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣೆ ಮೊದಲಾದ ಸಂಸ್ಥೆಗಳಿಗೆ ಹಂಚಿಕೆಯಾಗಿ ಬೇಲಿ, ಗೋಡೆಗಳು ಎದ್ದವು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಅಸ್ತ್ರ ಒಲೆಯನ್ನು ರೂಪಿಸಿದ ಸಂಸ್ಥೆಯ ಎರಡನೆಯ ಆವರಣವೂ ಇಲ್ಲಿನ ಕುದಾಪುರದಲ್ಲೇ ಇದೆ. ದನ, ಕುರಿ ಮೇಯಿಸುತ್ತ ಒಣಸಗಣಿ, ಪುಳ್ಳೆ ಆರಿಸುತ್ತಿದ್ದವರಿಗೆ ನಡಿಗೆ ದೂರವಾದಷ್ಟೂ ಒಲೆಯ ಉಳಿತಾಯದ ಬೆಲೆ ಏರುತ್ತದೆ.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಅನಿಲದ ಸಿಲಿಂಡರು ಬಡವರ ಮನೆಗೂ ಬಂದಿತು. ಆದರೆ ಅನಿಲ ಬಂದ ಮನೆಗಳಲ್ಲೂ ಸ್ನಾನದ ಹಂಡೆಯ ಕೆಳಗಿನ ಬೆಂಕಿ ಸೌದೆಯದೇ. ಅಸ್ತ್ರ ಬಳಗವು ನೀರು ಕಾಯಿಸುವ ಒಲೆಯನ್ನೂ ರೂಪಿಸಿತ್ತು. ಅಡುಗೆ ಒಲೆಗೆ ದೊರೆತ ಪ್ರಚಾರ ಅದಕ್ಕೆ ದೊರೆಯಲಿಲ್ಲ. ಬಚ್ಚಲೊಲೆಗೆ ಮುದ್ದೆ ತಿರುವುವ ಪೆಟ್ಟಿಲ್ಲ, ಪಾತ್ರೆ ಬದಲಾಗದು, ಡೊಂಕು ಜಾಲಿಯೂ ಹಿಡಿಸುವಷ್ಟು ದೊಡ್ಡ ಬಾಯಿ ಇಡಬಹುದು. ಈ ಎರಡು ತಾಲ್ಲೂಕುಗಳಲ್ಲಿ ಸುಧಾರಣೆಯನ್ನು ಬಚ್ಚಲಿನಿಂದಲೇ ಆರಂಭಿಸುವುದು ಯುಕ್ತ.