ಮ್ಯಾಗಝಿನ್: ಒಂದು ಉಗ್ರಾಣದ ಪಯಣ

ನೀವು ಈಗ ಕೈಯಲ್ಲಿ ಹಿಡಿದಿರುವುದನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ? ಪತ್ರಿಕೆ, ಪುಸ್ತಕ, ಬುಕ್ಕು, ರಿಸಾಲ - ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಆದರೆ ಪೇಟೆಗೆ ಹೊರಟ ಮಗನೊಡನೆ ಹೇಳುವಾಗ ಮಾತ್ರ ಹೆಚ್ಚಿನವರ ಬಾಯಲ್ಲಿ ಬರುವುದು "ಈ ತಿಂಗಳ ಮ್ಯಾಗಝಿನ್ ಬಂದಿದೆಯಾ ನೋಡು" ಎಂಬ ಮಾತೇ. ಅದು ಇಂಗ್ಲಿಷ್ ಪದ. ಶಬ್ದಕೋಶದಲ್ಲೂ ಹಾಗೆಯೇ ಇದೆ. ಆದರೆ ಅದರ ತವರುಮನೆ ಯಾವುದೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಮದ್ರಸಕ್ಕೆ ಹೋಗುವ ನಿಮ್ಮ ಮಗಳಿಗೆ ಆ ತವರುಮನೆಯ ಬಾಗಿಲು ಈಗಾಗಲೇ ಗೊತ್ತಿದೆ.

ಸ್ವಲ್ಪ ವ್ಯಾಕರಣ ಹೇಳಬೇಕು. ವ್ಯಾಕರಣ ಎಂದೊಡನೆ ದಯವಿಟ್ಟು ಪುಟ ತಿರುವಬೇಡಿ. ಅರಬಿಯಲ್ಲಿ ಒಂದು ಕೆಲಸದ ಹೆಸರಿನ ಮುಂದೆ 'ಮ' ಸೇರಿಸಿ ಆ ಕೆಲಸ ನಡೆಯುವ ಸ್ಥಳದ ಹೆಸರನ್ನು ಮಾಡುವ ಪದ್ಧತಿಯಿದೆ. ಸುಜೂದ್ ಮಾಡುವ ಸ್ಥಳ ಮಸ್ಜಿದ್. ಜನ ಕುಳಿತುಕೊಳ್ಳುವ ಸ್ಥಳ ಮಜ್ಲಿಸ್. ಬರೆಯುವ ಸ್ಥಳ ಮಕ್ತಬ್. ಪಾಠ ನಡೆಯುವ ಸ್ಥಳ ಮದ್ರಸ. ಅಡುಗೆ ಬೇಯಿಸುವ ಸ್ಥಳ ಮತ್ಬಖ್. ಸೂರ್ಯ ಮುಳುಗುವ ದಿಕ್ಕೂ ಹೊತ್ತೂ ಮಗ್ರಿಬ್. ಇದೇ ಸಾಲಿನಲ್ಲಿ, ಕೂಡಿಡು, ಜೋಪಾನವಾಗಿಡು ಎಂಬ ಅರ್ಥದ 'ಖಝನ' ಎಂಬ ಕ್ರಿಯಾಪದದಿಂದ ಬಂದದ್ದು ಮಖ್‌ಝನ್. ಎಂದರೆ ಕೂಡಿಡುವ ಸ್ಥಳ. ನಮ್ಮ ಕಣಜ, ಉಗ್ರಾಣ. ಅದರ ಬಹುವಚನ ಮಖಾಝಿನ್. ಇದನ್ನೊಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮಖಾಝಿನ್, ಮ್ಯಾಗಝಿನ್. ಬೇರೆ ಸಾಕ್ಷಿಯೇ ಬೇಡ ಅನಿಸುತ್ತದಲ್ಲವೇ? ಆದರೂ ಕಿವಿಗೆ ಒಂದೇ ಥರ ಕೇಳಿಸಿತೆಂದು ಪದಗಳ ನೆಂಟಸ್ತನ ಕಟ್ಟಬಾರದು. ಅವು ನಡೆದು ಬಂದ ದಾರಿಯನ್ನೂ ನೋಡಬೇಕು.

ಈ ಪದದ ಬಂಧುಗಳು ಕುರ್‌ಆನಿನಲ್ಲೂ ಇದ್ದಾರೆ. ಪ್ರವಾದಿ ಯೂಸುಫ್(ಅ)ರು ಸೆರೆಮನೆಯಿಂದ ಹೊರಬಂದ ಬಳಿಕ, ನಾಡಿನ ಕಣಜಗಳ ಹೊಣೆಯನ್ನು ತನಗೆ ವಹಿಸುವಂತೆ ರಾಜನೊಡನೆ ಕೇಳಿದ ಪ್ರಸಂಗ ನಿಮಗೆ ಗೊತ್ತೇ ಇದೆ. ಅಲ್ಲಿ ಕಣಜಗಳಿಗೆ ಬಳಕೆಯಾಗಿರುವ ಪದ 'ಖಝಾಇನ್'. ಅದರ ಏಕವಚನವಾದ ಖಝಾನ ಪಾರ್ಸಿಯ ಮೂಲಕ ನಮ್ಮ ಆಸ್ಥಾನಗಳಿಗೆ ಬಂದು ಕನ್ನಡದ ಖಜಾನೆಯಾಯಿತು. ಖಜಾನೆ ನೋಡಿಕೊಳ್ಳುವವನು ಖಜಾಂಚಿಯಾದ. ಇಂದು ನಮ್ಮ ರಾಜ್ಯದ ಖಜಾನೆ ಇಲಾಖೆ ತನ್ನ ಕಂಪ್ಯೂಟರ್ ವ್ಯವಸ್ಥೆಗೂ 'ಖಜಾನೆ-2' ಎಂದೇ ಹೆಸರಿಟ್ಟಿದೆ. ಹೀಗೆ ಒಂದೇ ತಾಯಿಯ ಇಬ್ಬರು ಮಕ್ಕಳು ಬೇರೆ ಬೇರೆ ಬಾಗಿಲಿನಿಂದ ಕನ್ನಡದ ಮನೆಗೆ ಬಂದಿದ್ದಾರೆ. ಖಜಾನೆ ಪಾರ್ಸಿಯ ಜೊತೆ ದರ್ಬಾರಿನ ಬಾಗಿಲಿನಿಂದ ಬಂತು. ಮ್ಯಾಗಝಿನ್ ಯುರೋಪನ್ನೆಲ್ಲಾ ಸುತ್ತಿಕೊಂಡು ಇಂಗ್ಲಿಷರ ಜೊತೆ ಬಂತು.

ಈ ಸುತ್ತಿನ ದಾರಿಯೇ ಸ್ವಾರಸ್ಯದ್ದು. ಮಧ್ಯಯುಗದಲ್ಲಿ ಮೆಡಿಟರೇನಿಯನ್ ಕಡಲಿನ ಬಂದರುಗಳಲ್ಲಿ ಅರಬ್ ಮತ್ತು ಇಟಲಿಯ ವರ್ತಕರು ಪರಸ್ಪರ ವ್ಯಾಪಾರ ಮಾಡುತ್ತಿದ್ದರು. ಸರಕಿನೊಂದಿಗೆ ಸರಕು ತುಂಬಿಡುವ ಕಟ್ಟಡದ ಹೆಸರೂ ಕೈಬದಲಾಯಿತು. ಇಟಲಿಯವರು 'ಮಗಝ್ಝೀನೊ' ಅಂದರು. ಸ್ಪೇನಿನವರು ಮುಂದಿನ 'ಅಲ್' ಅನ್ನೂ ಬಿಡದೆ 'ಅಲ್ಮಸೇನ್' ಮಾಡಿಕೊಂಡರು. ಫ್ರೆಂಚರ 'ಮಗಝಾಂ' ಈಗ ಅಂಗಡಿ ಎಂಬ ಅರ್ಥಕ್ಕೆ ತಿರುಗಿದೆ. ರಷ್ಯಾದಲ್ಲಿ 'ಮಗಝೀನ್' ಎಂಬ ಬೋರ್ಡು ಕಂಡು ಪತ್ರಿಕೆ ಕೊಳ್ಳಲು ಒಳಹೊಕ್ಕರೆ ನಿಮಗೆ ಬ್ರೆಡ್ಡೂ ಹಾಲೂ ಸಿಕ್ಕೀತು. ಅಲ್ಲಿಯೂ ಅದು ಅಂಗಡಿಯೇ. ಮೊರಾಕ್ಕೊದಲ್ಲಂತೂ ಮಖ್‌ಝನ್ ಎಂದರೆ ಅರಸೊತ್ತಿಗೆ, ಸರಕಾರ! ತೆರಿಗೆಯ ಸಂಪತ್ತು ಎಲ್ಲಿ ಕೂಡಿತೋ ಅಧಿಕಾರವೂ ಅಲ್ಲಿಯೇ ಎಂದು ಜನ ಕಂಡುಕೊಂಡಿರಬೇಕು.

ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚಿನ ಮೂಲಕ, 16ನೇ ಶತಮಾನದ ಕೊನೆಯ ಭಾಗದಲ್ಲಿ. ಆಗ ಅದಕ್ಕೂ ಓದಿಗೂ ಸಂಬಂಧವೇ ಇರಲಿಲ್ಲ. ಸರಕಿನ ಗೋದಾಮು, ಅದರಲ್ಲೂ ಮದ್ದುಗುಂಡಿನ ಉಗ್ರಾಣ, ಇಷ್ಟೇ ಅರ್ಥ. 1719ರಲ್ಲಿ ಪ್ರಕಟವಾದ ಡೇನಿಯಲ್ ಡಿಫೋನ ಕಾದಂಬರಿಯಲ್ಲಿ ರಾಬಿನ್ಸನ್ ಕ್ರೂಸೋ ಒಡೆದ ಹಡಗಿನಿಂದ ಸಾಮಾನುಗಳನ್ನು ಹೊತ್ತು ತಂದು ಕೂಡಿಟ್ಟ ರಾಶಿಯನ್ನು ಮ್ಯಾಗಝಿನ್ ಎಂದೇ ಕರೆಯುತ್ತಾನೆ. ದಿಲ್ಲಿಯಲ್ಲಿ ಬ್ರಿಟಿಷರ ಶಸ್ತ್ರಾಗಾರಕ್ಕೂ ಮ್ಯಾಗಝಿನ್ ಎಂದೇ ಹೆಸರಿತ್ತು. 1857ರ ಮೇ 11ರಂದು, ಅದು ದಂಗೆಯೆದ್ದ ಸಿಪಾಯಿಗಳ ಕೈಸೇರಬಾರದೆಂದು ಒಳಗಿದ್ದ ಬ್ರಿಟಿಷ್ ಅಧಿಕಾರಿಗಳೇ ಸ್ಫೋಟಿಸಿಬಿಟ್ಟರು. ಕಾಶ್ಮೀರಿ ಗೇಟಿನ ಸಮೀಪ ಅದರ ಹೆಬ್ಬಾಗಿಲಿನ ಅವಶೇಷಗಳು ಈಗಲೂ ನಿಂತಿವೆ. ನಮ್ಮ ಶ್ರೀರಂಗಪಟ್ಟಣದಲ್ಲೂ ಟಿಪ್ಪು ಸುಲ್ತಾನರ ಕಾಲದ ಇಂಥ ಮದ್ದಿನ ಮನೆಗಳಿವೆ. ಅವುಗಳಲ್ಲೊಂದನ್ನು ರೈಲಿನ ಜೋಡಿ ಹಳಿಗಾಗಿ ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಹಿತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು.

ದಿನಪತ್ರಿಕೆಯಲ್ಲಿ "ಆರೋಪಿಯಿಂದ ಪಿಸ್ತೂಲು ಮತ್ತು ಎರಡು ಮ್ಯಾಗಝಿನ್ ವಶ" ಎಂಬ ಸುದ್ದಿ ಓದಿ, ಪುಸ್ತಕ ಓದುವುದೂ ಅಪರಾಧವೇ ಎಂದು ಮಕ್ಕಳು ಕೇಳಿದರೆ ನಗಬೇಡಿ. ಬಂದೂಕಿನಲ್ಲಿ ಗುಂಡುಗಳನ್ನು ತುಂಬಿಡುವ ಪೆಟ್ಟಿಗೆಗೆ 19ನೇ ಶತಮಾನದಲ್ಲಿ ಈ ಹೆಸರು ಬಂತು. ಅದೂ ಒಂದು ಪುಟ್ಟ ಉಗ್ರಾಣವೇ ತಾನೇ?

ಹಾಗಾದರೆ ಗುಂಡಿನ ಮನೆಯಲ್ಲಿ ಕಥೆ, ಕವನ, ಅಡುಗೆ ರುಚಿಗಳು ಬಂದು ಸೇರಿದ್ದು ಹೇಗೆ? ಇದಕ್ಕೆ ಕಾರಣನಾದವನು ಎಡ್ವರ್ಡ್ ಕೇವ್ ಎಂಬ, ಚಮ್ಮಾರನ ಮಗ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಅವನ ಕಣ್ಣಿಗೆ ಊರೂರಿನ ಪತ್ರಿಕೆಗಳು ಬೀಳುತ್ತಿದ್ದವು. ಅವುಗಳಲ್ಲಿನ ಒಳ್ಳೆಯ ಬರಹಗಳನ್ನು ಆರಿಸಿ, ತಿಂಗಳಿಗೊಮ್ಮೆ ಒಂದೆಡೆ ಕೂಡಿಸಿ, ಆರು ಪೆನ್ನಿಗೆ ಮಾರಿದರೆ ಹೇಗೆ ಎಂದು ಯೋಚಿಸಿದ. 1731ರ ಜನವರಿಯಲ್ಲಿ ಲಂಡನಿನಲ್ಲಿ 'ಜಂಟಲ್‌ಮನ್ಸ್ ಮ್ಯಾಗಝಿನ್' ಹೊರಬಂತು. ಸಜ್ಜನರ ಉಗ್ರಾಣ ಎಂದು ಅದರ ಅರ್ಥ. ಅದಕ್ಕೆ ಮೊದಲೂ ಕೆಲವು ಪುಸ್ತಕಗಳ ಹೆಸರಿನಲ್ಲಿ ಈ ಪದ ಇತ್ತು. ಆದರೆ ಕೇವ್‌ನ ಪತ್ರಿಕೆ ಎಷ್ಟು ಮನೆಮಾತಾಯಿತೆಂದರೆ, 1755ರಲ್ಲಿ ಸಾಮುಯೆಲ್ ಜಾನ್ಸನ್ ತಮ್ಮ ಪ್ರಸಿದ್ಧ ನಿಘಂಟು ಹೊರತಂದಾಗ ಈ ಹೊಸ ಅರ್ಥಕ್ಕೆ ಮೂಲ ಕೇವ್‌ನ ಪತ್ರಿಕೆಯೇ ಎಂದು ದಾಖಲಿಸಿದರು. ಜಾನ್ಸನ್ ಸ್ವತಃ ಆ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದವರು.

ಬರಹವನ್ನು ಉಗ್ರಾಣವೆಂದು ಕರೆಯುವ ಬುದ್ಧಿ ಇಂಗ್ಲಿಷರಿಗೇ ಮೊದಲು ಹೊಳೆದದ್ದೆಂದು ಮಾತ್ರ ಹೇಳುವಂತಿಲ್ಲ. 12ನೇ ಶತಮಾನದ ಪಾರ್ಸಿ ಕವಿ ನಿಝಾಮಿಯ ಕಾವ್ಯವೊಂದರ ಹೆಸರೇ 'ಮಖ್‌ಝನುಲ್ ಅಸ್ರಾರ್', ರಹಸ್ಯಗಳ ಭಂಡಾರ. ಕನ್ನಡದಲ್ಲೂ ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಆರಂಭವಾದ ಅಂತರ್ಜಾಲದ ಜ್ಞಾನಕೋಶಕ್ಕೆ 'ಕಣಜ' ಎಂದು ಹೆಸರಿಟ್ಟರು.

ಇನ್ನೊಂದು ತಮಾಷೆ ನೋಡಿ. ಅರಬರು ತಮ್ಮದೇ ಪದ ಹೊಸ ಅರ್ಥ ಹೊತ್ತು ಬಂದಾಗ ಅದನ್ನು ಆ ಅರ್ಥದಲ್ಲಿ ಸ್ವೀಕರಿಸಲಿಲ್ಲ. ಅರಬಿಯಲ್ಲಿ ನಿಯತಕಾಲಿಕಕ್ಕೆ 'ಮಜಲ್ಲ' ಎನ್ನುತ್ತಾರೆ. ಮಖ್‌ಝನ್ ಅಲ್ಲಿ ಇಂದಿಗೂ ಗೋದಾಮೇ. ಕೊಲ್ಲಿಯಲ್ಲಿ ದುಡಿಯುವ ನಿಮ್ಮ ಪತಿಯನ್ನೋ ಸಹೋದರನನ್ನೋ ಕೇಳಿ ನೋಡಿ, ಸರಕಿನ ಕೋಣೆಯ ಬಾಗಿಲ ಮೇಲೆ ಆ ಪದವನ್ನು ಓದಿರುತ್ತಾರೆ.

ಇದನ್ನೆಲ್ಲಾ ಓದಿ, ಇಂಗ್ಲಿಷಿನ ಪದಗಳೆಲ್ಲ ನಮ್ಮವೇ ಎಂದು ಎದೆಯುಬ್ಬಿಸುವವರು ನಮ್ಮಲ್ಲಿದ್ದಾರೆ. ಹತ್ತಿಯ ಕಾಟನ್ (ಕುತ್ನ್), ಕುಳಿತುಕೊಳ್ಳುವ ಸೋಫಾ (ಸುಫ್ಫ), ಮಲಗುವ ಮ್ಯಾಟ್ರೆಸ್ (ಮತ್ರಹ್) ಅರಬಿ ಮೂಲದವು, ಸರಿ. ಆದರೆ ಶುಗರ್ ಅರಬಿಗೆ ಬಂದದ್ದು ಸಂಸ್ಕೃತದ ಶರ್ಕರದಿಂದ. ನಮ್ಮ ಸಕ್ಕರೆಯೂ ಅದೇ. ಎದೆಯುಬ್ಬಿಸುವುದರ ಇನ್ನೊಂದು ಮುಖ ಸುಮ್ಮನೆ ನೊಂದುಕೊಳ್ಳುವುದು. 'ಮಾಸ್ಕ್' ಎಂಬ ಇಂಗ್ಲಿಷ್ ಪದ ಸೊಳ್ಳೆಯ ಹೆಸರಿನಿಂದ ಬಂದಿದೆ, ಮಸೀದಿಯನ್ನು ಅವಮಾನಿಸಲು ಇಟ್ಟ ಹೆಸರು ಅದು ಎಂಬ ಸಂದೇಶ ಮೊದಲು ಇ-ಮೇಲ್‌ನಲ್ಲಿ, ಆಮೇಲೆ ವಾಟ್ಸಾಪ್‌ನಲ್ಲಿ ಸುತ್ತಾಡಿತು. ನಿಮಗೂ ಬಂದಿರಬಹುದು. ಅದು ಶುದ್ಧ ಸುಳ್ಳು. ಮಸ್ಜಿದ್ ಸ್ಪೇನಿನಲ್ಲಿ 'ಮೆಝ್ಕಿಟಾ' ಆಯಿತು, ಫ್ರೆಂಚಿನಲ್ಲಿ 'ಮೊಸ್ಕೇ' ಆಯಿತು, ಇಂಗ್ಲಿಷಿನಲ್ಲಿ ಮಾಸ್ಕ್ ಆಯಿತು. ಮಸ್ಕಿಟೋ ಬೇರೆಯೇ ಮನೆತನದ್ದು. ಲ್ಯಾಟಿನಿನಲ್ಲಿ ನೊಣಕ್ಕಿರುವ 'ಮುಸ್ಕ' ಎಂಬ ಪದದಿಂದ ಹುಟ್ಟಿದ್ದು. ತಲುಪಿದ ಸಂದೇಶವನ್ನು ಮುಂದೆ ಕಳಿಸುವ ಮೊದಲು ಒಂದು ಶಬ್ದಕೋಶ ತೆರೆದಿದ್ದರೆ ಎಷ್ಟೊಂದು ಸಿಟ್ಟು ಉಳಿಯುತ್ತಿತ್ತು!

ಮನೆಯ ಉಗ್ರಾಣದ ಬೀಗದ ಕೈ ಹಿಂದಿನಿಂದಲೂ ಹೆಂಗಸರ ಸೆರಗಿನಲ್ಲೇ ಇತ್ತು. ಅಕ್ಕಿ ಎಷ್ಟಿದೆ, ಉಪ್ಪಿನಕಾಯಿ ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕ ಅವರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಅಕ್ಷರದ ಈ ಉಗ್ರಾಣದ ಕೀಲಿಕೈ? ಕೇವ್‌ನ ಪತ್ರಿಕೆಯ ಹೆಸರಲ್ಲೇ ಅದು ಸಜ್ಜನರಿಗೆ, ಅಂದರೆ ಗಂಡಸರಿಗೆ ಎಂದಿತ್ತು. ಲಂಡನಿನ 'ಲೇಡೀಸ್ ಮ್ಯಾಗಝಿನ್' ಬಂದದ್ದು 1770ರಲ್ಲಿ. ಲಾಹೋರಿನಲ್ಲಿ ಶೇಖ್ ಅಬ್ದುಲ್ ಕಾದಿರ್ 1901ರಲ್ಲಿ ಆರಂಭಿಸಿದ ಉರ್ದು ಮಾಸಿಕಕ್ಕೆ ಇಟ್ಟ ಹೆಸರು 'ಮಖ್‌ಝನ್'. ಇಕ್ಬಾಲರ 'ಹಿಮಾಲಾ' ಕವನ ಅದರ ಮೊದಲ ಸಂಚಿಕೆಯಲ್ಲೇ ಬಂತು. ಅದಕ್ಕೂ ಮೂರು ವರ್ಷ ಮೊದಲು, 1898ರಲ್ಲಿ, ಅದೇ ಊರಿನಲ್ಲಿ ಮುಹಮ್ಮದೀ ಬೇಗಂ ತನ್ನ ಪತಿ ಸಯ್ಯಿದ್ ಮುಮ್ತಾಝ್ ಅಲಿಯವರ ಜೊತೆಗೂಡಿ 'ತಹ್ಝೀಬೆ ನಿಸ್ವಾನ್' ಎಂಬ ಮಹಿಳಾ ವಾರಪತ್ರಿಕೆ ಹೊರತಂದಿದ್ದರು. ಸಂಪಾದಕಿ ಸ್ವತಃ ಅವರೇ. ಮನೆಮನೆಗೆ ಉಚಿತವಾಗಿ ಕಳಿಸಿದ ಪ್ರತಿಗಳಲ್ಲಿ ಎಷ್ಟೋ ಅಂಚೆಯಲ್ಲಿ ಹಿಂದಿರುಗಿದವು, ಮೇಲೆ ಬೈಗುಳ ಗೀಚಿಸಿಕೊಂಡು. ಹೆಣ್ಣುಮಕ್ಕಳ ಹೆಸರಿಗೆ ಪತ್ರಿಕೆ ಬರುವುದೇ ಆಗ ಹಲವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ದಂಪತಿಗಳು ನಿಲ್ಲಿಸಲಿಲ್ಲ. ಮುಹಮ್ಮದೀ ಬೇಗಂ 1908ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲೇ ತೀರಿಕೊಂಡರು. ಪತ್ರಿಕೆ ಆ ಬಳಿಕವೂ ದಶಕಗಳ ಕಾಲ ನಡೆಯಿತು. 'ಅನಾರ್ಕಲಿ' ನಾಟಕ ಬರೆದ ಅವರ ಮಗ ಇಮ್ತಿಯಾಝ್ ಅಲಿ ತಾಜ್ ಮುಂದೆ ಅದರ ಸಂಪಾದಕರಾದರು.